ಬೆಳಗಾವಿಯ ಹಿತ್ತಲ ಹಕ್ಕಿಗಳನ್ನು ಬರೆದಿಟ್ಟವರು

ಬೆಳಗಾವಿ ಸೀಮೆಯ ಪ್ರಾಣಿಪಕ್ಷಿಗಳ ಬಗ್ಗೆ ಕಾಗದದ ಮೇಲೆ ಬರೆದಿಟ್ಟವರನ್ನು ಹುಡುಕುತ್ತ ಹಿಂದಕ್ಕೆ ಹೋದರೆ, ದಾರಿ ಕಿತ್ತೂರು ಕೋಟೆಯೊಳಗೂ ಹಾಯುತ್ತದೆ. 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ದಿನ ರಾಣಿ ಚೆನ್ನಮ್ಮನ ಸೈನಿಕರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಒತ್ತೆಯಾಳಾಗಿದ್ದು ಜೀವಂತ ಹೊರಬಂದ ಈ ಮನುಷ್ಯ 1839ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ, ಬೆಳಗಾವಿಯೂ ಸೇರಿದ್ದ ದಕ್ಷಿಣ ಮರಾಠಾ ಪ್ರಾಂತ್ಯದ ಸಸ್ತನಿಗಳ ಪಟ್ಟಿ ಅಚ್ಚುಹಾಕಿಸಿದ. ಹುಲಿ, ಚಿರತೆಗಳಂತೆಯೇ ಮನೆಯ, ಹೊಲದ, ಬದುವಿನ ಇಲಿಗಳಿಗೂ ಅದರಲ್ಲಿ ಜಾಗವಿತ್ತು. ಇಲ್ಲಿನ ಜನ ಅವನ್ನು ಏನೆಂದು ಕರೆಯುತ್ತಾರೆ ಎನ್ನುವುದನ್ನೂ ಕೇಳಿ ಬರೆದುಕೊಂಡಿದ್ದ. ಪೊದೆ ಇಲಿಯೊಂದು ಇಂದಿಗೂ ಗೊಲುಂಡ ಎಲಿಯಟಿ ಎಂದು ಅವನ ಹೆಸರು ಹೊತ್ತುಕೊಂಡಿದೆ. ಇಲಿಯನ್ನೂ ಪಟ್ಟಿಗೆ ಸೇರಿಸುವ ಈ ಬುದ್ಧಿ ಮುಂದೆ ಬಂದವರಲ್ಲಿ ಎಲ್ಲರಿಗೂ ಇರಲಿಲ್ಲ.

ಹಕ್ಕಿಗಳ ಸರದಿ ಬಂದದ್ದು 1870ರ ದಶಕದಲ್ಲಿ. ಬ್ರಿಟಿಷ್ ಅಧಿಕಾರಿ ಎ.ಒ. ಹ್ಯೂಮ್ 1872-73ರಲ್ಲಿ ಸ್ಟ್ರೇ ಫೆದರ್ಸ್ ಎಂಬ ಹಕ್ಕಿಗಳ ಪತ್ರಿಕೆ ಶುರುಮಾಡಿದ. ದೇಶದ ಮೂಲೆಮೂಲೆಯಲ್ಲಿದ್ದ ದಂಡಿನವರು, ಪಾದ್ರಿಗಳು, ಕಲೆಕ್ಟರುಗಳು ಅವನಿಗೆ ಬರೆದು ಕಳಿಸತೊಡಗಿದರು. ಅಹ್ಮದ್‌ನಗರದ ಅಮೆರಿಕನ್ ಪಾದ್ರಿ ಫೇರ್‌ಬ್ಯಾಂಕ್ 1876ರಲ್ಲಿ ಖಂಡಾಲ, ಮಹಾಬಳೇಶ್ವರಗಳ ಜೊತೆ ಬೆಳಗಾವಿಯ ಹಕ್ಕಿಗಳನ್ನೂ ಪಟ್ಟಿಮಾಡಿದ. ಆದರೆ ಬೆಳಗಾವಿಯ ಮಟ್ಟಿಗೆ ನಿಜವಾದ ಕೆಲಸ ಮಾಡಿದವನು 83ನೇ ರೆಜಿಮೆಂಟಿನ ಕ್ಯಾಪ್ಟನ್ ಇ.ಎ. ಬಟ್ಲರ್. ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತ್ಯದ ಹಕ್ಕಿಗಳ ಬಗ್ಗೆ ಅವನ ದೀರ್ಘ ಪಟ್ಟಿ 1881ರಲ್ಲಿ ಪ್ರಕಟವಾಯಿತು. ಪಟ್ಟಿಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಅವನ ಗೂಡಿನ ಟಿಪ್ಪಣಿಗಳು. ಹ್ಯೂಮ್‌ನ ಗೂಡು-ಮೊಟ್ಟೆಗಳ ಗ್ರಂಥದಲ್ಲಿ ಬೆಳಗಾವಿ ಎಂಬ ಊರು ಮತ್ತೆಮತ್ತೆ ಬರುತ್ತದೆ. ಯಾವ ತಾರೀಖು, ಎಂಥ ಗಿಡ, ನೆಲದಿಂದ ಎಷ್ಟು ಎತ್ತರ, ಎಷ್ಟು ಮೊಟ್ಟೆ ಎಂಬ ವಿವರಗಳು ಅಲ್ಲಿವೆ. ಬಹಳಷ್ಟು ತಾರೀಖುಗಳು ಮಳೆಗಾಲದವು. ಗೂಡು ಕಂಡರೆ ಮೊಟ್ಟೆ ಎತ್ತಿಕೊಳ್ಳುವುದು, ಹಕ್ಕಿ ಕಂಡರೆ ಗುಂಡು ಹೊಡೆದು ಚರ್ಮ ತುಂಬುವುದು ಆಗಿನ ರೀತಿ. ಇಂದು ಅದನ್ನು ಸಹಿಸಲಾಗದು. ಆದರೂ ಸಾಮಾನ್ಯ ಹಕ್ಕಿಯ ವಿಷಯದಲ್ಲಿ ಇಷ್ಟು ಕರಾರುವಾಕ್ಕಾಗಿ ಬರೆದವರು ಆಮೇಲಿನ ನೂರು ವರ್ಷದಲ್ಲಿ ಇಲ್ಲಿ ವಿರಳ.

ಬರೆದಿಟ್ಟದ್ದಕ್ಕೂ ಹಣೆಬರಹ ಬೇಕು. 1884-85ರ ಸುಮಾರಿಗೆ ಹ್ಯೂಮ್‌ನ ಶಿಮ್ಲಾ ಮನೆಯ ಆಳುಗಳು ಅವನ ವರ್ಷಗಟ್ಟಲೆಯ ಹಸ್ತಪ್ರತಿಗಳನ್ನು ರದ್ದಿ ಕಾಗದವೆಂದು ಬಜಾರಿಗೆ ಮಾರಿಬಿಟ್ಟರು. ಅವನು ಹಕ್ಕಿಗಳ ಸಹವಾಸವನ್ನೇ ಬಿಟ್ಟು, ಸಂಗ್ರಹವನ್ನೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ; 1885ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಕಟ್ಟುವುದರಲ್ಲಿ ಮುಂದಾದ. ಆ ಕಾಂಗ್ರೆಸ್ಸಿನ ಅಧಿವೇಶನ 1924ರಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಟಿಳಕವಾಡಿಯಲ್ಲಿ ನಡೆದದ್ದು ಬೆಳಗಾವಿಯವರಿಗೆಲ್ಲ ಗೊತ್ತು. ಅದರ ಮೂಲಪುರುಷನಿಗೆ ಇದೇ ಊರಿನಿಂದ ಹಕ್ಕಿ ಗೂಡುಗಳ ಲೆಕ್ಕ ಹೋಗುತ್ತಿತ್ತು ಎಂಬುದು ಆ ಅಧಿವೇಶನದ ನೆನಪಿನ ವೀರಸೌಧದ ಮುಂದೆ ನಿಂತವರಿಗೆ ಹೊಳೆಯುವ ಮಾತಲ್ಲ.

ಬಂದೂಕು ಕೆಳಗಿಟ್ಟು ಮನೆಯ ಪಡಸಾಲೆಯಲ್ಲೇ ಕುಳಿತು ನೋಡುವ ಇನ್ನೊಂದು ದಾರಿಯನ್ನು ತೆರೆದವನು ಇ.ಎಚ್. ಐಟ್ಕೆನ್. 1851ರಲ್ಲಿ ಸಾತಾರದಲ್ಲಿ ಹುಟ್ಟಿದವನು. ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರಿಯಲ್ಲಿ ಉತ್ತರ ಕನ್ನಡ, ಗೋವಾಗಳನ್ನು ಸುತ್ತಿದವನು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಬಂಗಲೆಯ ಇಲಿ, ಹಲ್ಲಿ, ಇರುವೆ, ಕಾಗೆ, ಸೊಳ್ಳೆಗಳನ್ನೇ ನೆರೆಯ ಬುಡಕಟ್ಟುಗಳೆಂದು ಕರೆದು ನಗುತ್ತ ಬರೆದ ಪುಸ್ತಕ ಅದೇ ವರ್ಷ ಬಂತು. ಅವನು, ಕಾರವಾರದ ಕಲೆಕ್ಟರ್ ಡೇವಿಡ್ಸನ್ ಮತ್ತು ಅರಣ್ಯಾಧಿಕಾರಿ ಟಿ.ಆರ್. ಬೆಲ್ ಮೂವರೂ ಕೂಡಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳನ್ನು ದಾಖಲಿಸಿದರು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿಗೆ ಹೊಂದಿಕೊಂಡ ಸೀಮೆಯದು ಈ ಕೆಲಸ. ಖಾನಾಪುರದ ಚಿಟ್ಟೆ ನೋಡುವವರಿಗೆ ಈಗಲೂ ದಾರಿ ತೋರಿಸುತ್ತದೆ.

ಖಾನಾಪುರ ತಾಲೂಕಿಗೆ ಸ್ವಂತ ಕೀರ್ತಿ ತಂದದ್ದು ಒಂದು ಬಾವಲಿ. ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಿಂದ ಸಿಕ್ಕ ಮಾದರಿಗಳನ್ನು ನೋಡಿ 1913ರಲ್ಲಿ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ಅರಣ್ಯಾಧಿಕಾರಿಯಾಗಿದ್ದ ರಾಟನ್‌ನ ಹೆಸರಿಟ್ಟ. ದಶಕಗಳ ಕಾಲ ಜಗತ್ತಿನಲ್ಲಿ ಈ ಬಾವಲಿಯ ವಿಳಾಸ ಅದೊಂದೇ ಗುಹೆ. ಮೇಘಾಲಯ, ಕಾಂಬೋಡಿಯಾಗಳಲ್ಲಿ ಕಂಡದ್ದು ತೀರ ಇತ್ತೀಚೆಗೆ. 2011ರಲ್ಲಿ 190 ಚದರ ಕಿಲೋಮೀಟರಿನ ಭೀಮಗಡ ವನ್ಯಧಾಮ ಘೋಷಣೆಯಾಗುವಾಗ ಈ ಬಾವಲಿಯ ಹೆಸರೇ ಮುಂದಿತ್ತು. ಇದರಿಂದ ಒಂದು ನಷ್ಟವೂ ಆಯಿತು ಎಂದು ನನ್ನ ಅನಿಸಿಕೆ. ಅಪರೂಪದ್ದನ್ನು ಹುಡುಕಿಕೊಂಡು ಕಾಡಿಗೆ ಹೋಗುವುದೇ ಅಧ್ಯಯನ ಎಂದಾಯಿತು. ಊರೊಳಗಿನ ಹಿತ್ತಲು ಲೆಕ್ಕದಿಂದ ಬಿದ್ದುಹೋಯಿತು.

ಆಡಳಿತದ ಗಡಿಯೂ ಅಡ್ಡ ಬಂತು. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಬೆಳಗಾವಿ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಹಾಗಾಗಿ ಆ ಸಮೀಕ್ಷೆಯೊಳಗೆ ನಾವಿಲ್ಲ. ಏಕೀಕರಣದ ನಂತರ ಝಫರ್ ಫತೇಹಳ್ಳಿಯವರ ಪಕ್ಷಿವೀಕ್ಷಕರ ಪತ್ರಿಕೆಗೆ ಧಾರವಾಡದಿಂದ ಜೆ.ಸಿ. ಉತ್ತಂಗಿಯವರಂಥವರು ಬರೆದರು. ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಬಂದ ಮೇಲೆ, ಇಂಗ್ಲಿಷ್ ಪುಸ್ತಕದ ಗೊಡವೆಯಿಲ್ಲದೆ ಹಕ್ಕಿಗೆ ಹೆಸರು ಹೇಳುವುದು ಸಾಧ್ಯವಾಯಿತು.

ಈಗಿನ ಅಧ್ಯಾಯ ಮೊಬೈಲಿನದು. ಅಮೆರಿಕದ ಕಾರ್ನೆಲ್ ಸಂಸ್ಥೆ 2002ರಲ್ಲಿ ಶುರುಮಾಡಿದ ಇ-ಬರ್ಡ್ ಎಂಬ ಪಕ್ಷಿವೀಕ್ಷಕರ ಆನ್‌ಲೈನ್ ದಾಖಲೆಪುಸ್ತಕದಲ್ಲಿ ಇಂದು ಭಾರತದ ಕೋಟಿಗಟ್ಟಲೆ ದಾಖಲೆಗಳಿವೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, 30 ಸಾವಿರಕ್ಕೂ ಹೆಚ್ಚು ವೀಕ್ಷಕರು ಕೊಟ್ಟ ಇಂಥ ದಾಖಲೆಗಳಿಂದಲೇ 942 ಜಾತಿಗಳನ್ನು ತೂಗಿ ನೋಡಿತು. ನವಿಲು ಹೆಚ್ಚುತ್ತಿದೆ, ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಯುತ್ತಿದೆ ಎಂದು ಹೇಳಲು ಆದದ್ದು ಜನ ಸಾಮಾನ್ಯ ಹಕ್ಕಿಯನ್ನೂ ಬಿಡದೆ ಬರೆದದ್ದರಿಂದ.

ಬೆಳಗಾವಿಯ ಹಿತ್ತಲು ಇಂಥ ದಾಖಲೆಗೆ ಹೇಳಿಮಾಡಿಸಿದಂತಿದೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಪೂರ್ವದ ಬಯಲಿಗೂ ಪಶ್ಚಿಮದ ಮಲೆಗೂ ನಡುವಿನ ಹೊಸ್ತಿಲ ಮೇಲೆ ಕುಳಿತಿದೆ. ಕ್ಯಾಂಪಿನ ಹಳೆಯ ಬಂಗಲೆಗಳ ಕಾಂಪೌಂಡು, ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಸುತ್ತಲಿನ ಮನೆಗಳು, ಕೋಟೆ ಕೆರೆಯ ಅಂಚು, ಎಲ್ಲ ಕಡೆ ಮಾವು, ಪೇರಲ, ನುಗ್ಗೆ. ಟಿಳಕವಾಡಿಯ ಒಂದು ಹಿತ್ತಲಲ್ಲಿ ಬೆಳಗಿನ 15 ನಿಮಿಷ ನಿಂತರೆ ಬಾವಿಕಟ್ಟೆಯ ದಾಸವಾಳದಲ್ಲಿ ಸೂರಕ್ಕಿ ತಲೆಕೆಳಗಾಗಿ ಜೋತಾಡುತ್ತದೆ. ತಂತಿಯ ಮೇಲೆ ಕೆಮ್ಮೀಸೆ ಪಿಕಳಾರ, ಪಕ್ಕದ ಪೇರಲದಲ್ಲಿ ಅದರ ದಾಯಾದಿ ಕೆಂಪು ಬಾಲದಡಿಯ ಪಿಕಳಾರ. ನುಗ್ಗೆಗಿಡದ ಕೆಳಗೆ ಎಲೆ ಕೆದರುವ ಹರಟೆಮಲ್ಲರ ಗದ್ದಲ. ಕ್ರೋಟನ್ ಗಿಡದ ಅಗಲ ಎಲೆಯ ಎರಡು ಅಂಚು ಒಂದಾಗಿದ್ದರೆ ಹತ್ತಿರದಿಂದ ನೋಡಬೇಕು: ಸಿಂಪಿಗ ಹಕ್ಕಿ ಎಲೆಗೆ ತೂತು ಕೊರೆದು ಹತ್ತಿಯೆಳೆ ಪೋಣಿಸಿ, ಎಳೆಯ ತುದಿ ಜಾರದಂತೆ ಹೊರಗೆ ಗಂಟಿನಂತೆ ಉಬ್ಬಿಸಿಟ್ಟಿರುತ್ತದೆ. ಇದನ್ನೆಲ್ಲ ತಾರೀಖು, ವೇಳೆ, ಸಂಖ್ಯೆ ಸಮೇತ ಬರೆದರೆ ಬಟ್ಲರ್‌ನ ಟಿಪ್ಪಣಿಯ ಪಕ್ಕದಲ್ಲಿ ಇಡಬಹುದು.

ಖಾನಾಪುರದ ಕಡೆ ಹಿತ್ತಲಿನ ಅರ್ಥವೇ ಬೇರೆ. ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ಕಡೆ ಮನೆ ಮುಗಿದು ಕಾಡು ಶುರುವಾಗುವ ಗೆರೆ ಸ್ಪಷ್ಟವಿಲ್ಲ. ಹಲಸಿನ ಮರಕ್ಕೆ ಮಂಗಟ್ಟೆ, ಕೆಂಜಳಿಲು. ಭತ್ತದ ಗದ್ದೆಗೆ ಕಾಡುಹಂದಿ, ಕಾಡೆಮ್ಮೆ. ಕೆಲವು ವರ್ಷ ಆನೆಯೂ. ಇವುಗಳನ್ನು ಆ್ಯಪಿಗೆ ಹಾಕುವವರು ಕಡಿಮೆ. ಆದರೆ ಬೆಳೆಹಾನಿಗೆ ಪರಿಹಾರ ಕೇಳಿ ರೈತ ಅರಣ್ಯ ಇಲಾಖೆಗೆ ಕೊಡುವ ಅರ್ಜಿ, ಅದರ ಜೊತೆಯ ಫೋಟೋ, ಪಂಚನಾಮೆ ಇವೆಯಲ್ಲ, ಅವುಗಳಲ್ಲಿ ಸರ್ವೆ ನಂಬರಿನಿಂದ ಹಿಡಿದು ತಾರೀಖಿನವರೆಗೆ ಎಲ್ಲ ಇರುತ್ತದೆ. ಹಾವು ಹಿಡಿಯುವವರ ಕರೆಗಳ ಪಟ್ಟಿಯೂ ಹಾಗೆಯೇ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಚಿರತೆ ಕಂಡು, ಗಾಲ್ಫ್ ಮೈದಾನದ ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟು, ಸಕ್ರೆಬೈಲಿನ ಆನೆ ಬಿಡಾರದಿಂದ ಆನೆ ತರಿಸಿ ಹುಡುಕಿದರೂ ಅದು ಸಿಗಲಿಲ್ಲ. ಉಳಿದದ್ದು ಸಿಸಿಟಿವಿಯ ತುಣುಕುಗಳು. ಇವೆಲ್ಲ ವನ್ಯಜೀವಿ ದಾಖಲೆಗಳೇ. ಹಾಗೆಂದು ಒಂದೆಡೆ ಕೂಡಿಸಿಟ್ಟವರಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಇಂಥ ಮಾಹಿತಿ ಸೇರಬೇಕಾದ ಜಾಗ ಅದೇ.

ಇನ್ನೊಂದು ಕೊರತೆ ಕಾಲದ್ದು. ಹಿತ್ತಲ ಹಕ್ಕಿಗಳ ಜಾಗತಿಕ ಗಣತಿ ನಡೆಯುವುದು ಫೆಬ್ರವರಿಯ ನಾಲ್ಕು ದಿನ. ಭಾರತ ಅದಕ್ಕೆ ಸೇರಿದ್ದು 2013ರಲ್ಲಿ. ಆ ಹೊತ್ತಿಗೆ ಚಳಿಗಾಲದ ವಲಸೆ ಹಕ್ಕಿಗಳು ಇಲ್ಲೇ ಇರುತ್ತವೆ, ನಿಜ. ಆದರೆ ನವರಂಗ ಬರುವುದು ಮುಂಗಾರಿನ ಮೊದಲ ಮೋಡಗಳ ಜೊತೆ. ದಣಿದು ಕೆಲವೊಮ್ಮೆ ಮನೆಯ ಅಂಗಳಕ್ಕೇ ಬೀಳುತ್ತದೆ. ಸಿಂಪಿಗ ಗೂಡು ಹೊಲಿಯುವುದೂ, ಪಿಕಳಾರ ಮರಿಗೆ ಹುಳ ತರುವುದೂ ಬಹುತೇಕ ಮಳೆಯಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುರ್ಬೀನು ಕಪಾಟು ಸೇರುತ್ತದೆ, ಆ್ಯಪಿನ ಪಟ್ಟಿಗಳೂ ತೆಳುವಾಗುತ್ತವೆ. ಬಟ್ಲರ್‌ನ ಬೆಳಗಾವಿ ಟಿಪ್ಪಣಿಗಳು ದಟ್ಟವಾಗಿರುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಅವುಗಳ ಜೊತೆ ಹೋಲಿಸಲು ನಮಗೆ ಬೇಕಿರುವುದು ಜುಲೈ ತಿಂಗಳಿನಲ್ಲಿ ಪಡಸಾಲೆಯಿಂದ ಬರೆದ ಪಟ್ಟಿಗಳು.