ಗಾಲಿ ಮುಟ್ಟದೆ ತೇರು ಸಿಂಗರಿಸಿದವರು: ಈಶೆಲ್ ಮಾಡ್ಯೂಲ್‌ಗಳ ಕಥೆ

ಇವತ್ತಿನ ಇತಿಹಾಸ ರಾಜರದ್ದಲ್ಲ, ಕೋಟೆಯದ್ದೂ ಅಲ್ಲ. ಒಂದು ಸಾಫ್ಟ್‌ವೇರ್‌ದು. ಅದೂ ಚಿತ್ರ ಇಲ್ಲ, ಬಟನ್ ಇಲ್ಲ, ಬರೀ ಅಕ್ಷರ ಕಾಣೋ ಸಾಫ್ಟ್‌ವೇರ್. "ನಮಗ್ಯಾಕ್ರೀ ಅದು?" ಅಂತೀರೇನೋ. ಸ್ವಲ್ಪ ತಡೀರಿ. ಕಂಪ್ಯೂಟರ್‌ಗೆ ಕನ್ನಡದಲ್ಲೇ ಆಜ್ಞೆ ಕೊಡೋದು ಹೇಗೆ ಅನ್ನೋವರೆಗೂ ಈ ಕಥೆ ಹೋಗುತ್ತೆ.

ಮೊದಲು ಶೆಲ್ ಅಂದ್ರೆ ಏನು ನೋಡೋಣ. ಫೋನಲ್ಲಿ ನಾವು ಐಕಾನ್ ಒತ್ತುತ್ತೀವಿ. ಐಕಾನ್‌ಗಳು ಬರೋ ಮುಂಚೆ ಜನ ಪದ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳ್ತಿದ್ರು. ಆ ಪದವನ್ನು ಓದಿ, ಅರ್ಥ ಮಾಡ್ಕೊಂಡು, ಕೆಲಸ ಮಾಡಿಸೋ ಪ್ರೋಗ್ರಾಂ ಹೆಸರೇ ಶೆಲ್. ಯೂನಿಕ್ಸ್‌ಗಾಗಿ ಕೆನ್ ಥಾಂಪ್ಸನ್ ಬರೆದ ಶೆಲ್ 1971ರಲ್ಲಿ ಬಂತು. 1979ರಲ್ಲಿ ಬೌರ್ನ್ ಶೆಲ್, 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಷ್. ಇವತ್ತಿಗೂ ಸರ್ವರ್‌ಗಳನ್ನು ನಡೆಸೋರು ದಿನಾ ಬಳಸೋದು ಇಂಥ ಶೆಲ್‌ಗಳನ್ನೇ.

ಇನ್ನೊಂದು ದಾರಿಯಲ್ಲಿ ಪಠ್ಯ ಬರೆಯೋ ಎಡಿಟರ್‌ಗಳು ಬೆಳೀತಿದ್ವು. ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ಟೆಕೋ ಅನ್ನೋ ಎಡಿಟರ್ ಇತ್ತು. ಅಲ್ಲಿದ್ದ ಒಬ್ಬೊಬ್ಬರೂ ಅದಕ್ಕೆ ತಮ್ಮದೇ ಮ್ಯಾಕ್ರೋಗಳನ್ನು, ಅಂದ್ರೆ ಸಣ್ಣ ಸಣ್ಣ ಜೋಡಣೆಗಳನ್ನು, ಸೇರಿಸ್ಕೊಂಡಿದ್ರು. ಒಬ್ಬರ ಎಡಿಟರ್ ಮುಂದೆ ಇನ್ನೊಬ್ಬರು ಕೂತರೆ ಯಾವ ಕೀಲಿ ಒತ್ತಿದ್ರೆ ಏನಾಗುತ್ತೋ ಗೊತ್ತಾಗ್ತಿರಲಿಲ್ಲ. 1976ರಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಆ ಜೋಡಣೆಗಳನ್ನು ಒಂದು ಕ್ರಮಕ್ಕೆ ತಂದ್ರು. ಅದೇ ಈಮ್ಯಾಕ್ಸ್. 1985ರಲ್ಲಿ ಬಂದ ಗ್ನೂ ಈಮ್ಯಾಕ್ಸ್‌ನ ಹೊಟ್ಟೆಯೊಳಗೆ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನೇ ಇಟ್ಟಿದ್ರು. ಅಂದ್ರೆ ಬಳಸೋರೇ ಅದನ್ನು ತಿದ್ದಬಹುದು, ಬೆಳೆಸಬಹುದು. ಯಾರ ಅಪ್ಪಣೆಯೂ ಬೇಡ.

ಈ ಎರಡು ದಾರಿ ಕೂಡಿದ್ದು 2001ರಲ್ಲಿ. ಆ ವರ್ಷ ಅಕ್ಟೋಬರ್‌ನಲ್ಲಿ ಬಂದ ಈಮ್ಯಾಕ್ಸ್ 21ರ ಜೊತೆ ಜಾನ್ ವೀಗ್ಲಿ ಬರೆದ ಈಶೆಲ್ ಸೇರ್ಕೊಂಡಿತು. ಎಡಿಟರ್ ಒಳಗೆ ಬ್ಯಾಷ್ ಓಡಿಸೋ ಸೌಲಭ್ಯ ಅದಕ್ಕೂ ಮುಂಚೆಯೇ ಇತ್ತು. ಈಶೆಲ್ ಹಾಗಲ್ಲ. ಅದು ಹೊರಗಿನ ಯಾವ ಶೆಲ್ಲನ್ನೂ ಕರೆಯಲ್ಲ, ಪೂರ್ತಿ ಲಿಸ್ಪ್‌ನಲ್ಲೇ ಬರೆದ ಶೆಲ್. ಇದರ ಲಾಭ ಏನಪ್ಪಾ ಅಂದ್ರೆ, ಫೈಲ್‌ಗಳ ಪಟ್ಟಿ ತೋರಿಸೋ ಎಲ್‌ಎಸ್, ನಕಲು ಮಾಡೋ ಸಿಪಿ, ಅಳಿಸೋ ಆರ್‌ಎಂ, ಈ ಯೂನಿಕ್ಸ್ ಆಜ್ಞೆಗಳು ವಿಂಡೋಸ್ ಕಂಪ್ಯೂಟರ್‌ನಲ್ಲೂ ನಡೀತವೆ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಾಲೇಜ್ ಲ್ಯಾಬ್‌ನಲ್ಲಿ ವಿಂಡೋಸ್ ಮಾತ್ರ ಇರೋ ಹುಡುಗ ಹುಡುಗಿಯರಿಗೆ ಇದು ಸಣ್ಣ ಸಂಗತಿ ಅಲ್ಲ.

ಈಗ ಅಸಲಿ ವಿಷಯಕ್ಕೆ ಬರೋಣ. ಗುರು ಕೊಟ್ಟೂರೇಶ್ವರನ ತೇರು ನೆನಪಿಸ್ಕೊಳ್ಳಿ. ಗಾಲಿ, ಅಚ್ಚು, ಕೆಳಗಿನ ಮರದ ಚೌಕಟ್ಟು ಒಂದು ಭಾಗ. ಮೇಲೆ ಕಟ್ಟೋ ಬಾವುಟ, ಹೂವಿನ ಹಾರ, ಬಣ್ಣದ ಬಟ್ಟೆ ಇನ್ನೊಂದು ಭಾಗ. ಹಾರ ಬದಲಾಯಿಸೋಕೆ ಯಾರೂ ಅಚ್ಚು ಬಿಚ್ಚಲ್ಲ. ಈಶೆಲ್ ಕಟ್ಟಿರೋದೂ ಹಾಗೇ. ಅದರ ಫೈಲ್‌ಗಳ ಹೆಸರು ನೋಡಿದ್ರೆ ಸಾಕು, ಗೊತ್ತಾಗುತ್ತೆ. 'ಇಎಸ್‌ಎಚ್' ಅಂತ ಶುರುವಾಗೋವು ಗಾಲಿ, ಅಚ್ಚು. 'ಇಎಂ' ಅಂತ ಶುರುವಾಗೋವು ಮಾಡ್ಯೂಲ್‌ಗಳು, ಅಂದ್ರೆ ಆಮೇಲೆ ಜೋಡಿಸೋ ಭಾಗಗಳು. ಯಾವ ಮಾಡ್ಯೂಲ್ ಬೇಕು ಅಂತ ಒಂದು ಪಟ್ಟಿ ಇರುತ್ತೆ. ಹೆಸರು ಸೇರಿಸಿದ್ರೆ ಬರುತ್ತೆ, ತೆಗೆದ್ರೆ ಬರಲ್ಲ.

ಅತಿ ಚಿಕ್ಕ ಮಾಡ್ಯೂಲ್‌ಗಳಲ್ಲಿ ಒಂದರ ಹೆಸರು ಬ್ಯಾನರ್. ಈಶೆಲ್ ತೆರೆದಾಗ ಸ್ವಾಗತದ ಸಾಲು ತೋರಿಸೋದಷ್ಟೇ ಅದರ ಕೆಲಸ. ಹಿಸ್ಟರಿ ಮಾಡ್ಯೂಲ್ ಹಿಂದೆ ಕೊಟ್ಟ ಆಜ್ಞೆಗಳನ್ನು ನೆನಪಿಡುತ್ತೆ. ಅಲಿಯಾಸ್ ಮಾಡ್ಯೂಲ್ ಉದ್ದದ ಆಜ್ಞೆಗೆ ಅಡ್ಡಹೆಸರು ಇಡುತ್ತೆ. ಎಲ್‌ಎಸ್ ಅನ್ನೋ ಆಜ್ಞೆ ಕೂಡ ಒಂದು ಮಾಡ್ಯೂಲೇ. ಬೇರೆ ಕಡೆಯಿಂದ ಕಲಿತು ಬರೆದವೂ ಇವೆ. ಫೈಲ್‌ಗಳನ್ನು ಗಾತ್ರ, ವಯಸ್ಸು ನೋಡಿ ಆರಿಸೋ ಪ್ರೆಡ್ ಮಾಡ್ಯೂಲ್‌ಗೆ ಝಡ್‌ಶೆಲ್ ಮಾದರಿ. ಸ್ಮಾರ್ಟ್ ಅನ್ನೋದು ಪ್ಲಾನ್ 9 ವ್ಯವಸ್ಥೆಯ ನೈನ್‌ಟರ್ಮ್‌ನಿಂದ ಪ್ರೇರಣೆ ಪಡೆದದ್ದು. ಕೊಟ್ಟ ಆಜ್ಞೆಯ ಫಲವನ್ನು ಮೇಲಿಂದ ಓದಿ, ತಪ್ಪಿದ್ರೆ ತಿದ್ದಿ, ಆಮೇಲೆ ಮುಂದೆ ಹೋಗು ಅನ್ನೋದು ಅದರ ಸ್ವಭಾವ. ಎಲ್ಲರಿಗೂ ಇದು ಹಿಡಿಸಲ್ಲ. ಅದಕ್ಕೇ ಸ್ಮಾರ್ಟ್ ತಾನಾಗೇ ಲೋಡ್ ಆಗಲ್ಲ, ಬೇಕಾದವರು ಸೇರಿಸ್ಕೊಬೇಕು.

ಈ ಕಟ್ಟೋಣದಲ್ಲಿ ಕಷ್ಟ ಇರಲಿಲ್ವಾ? ಇತ್ತು. ಒಂದು ಆಜ್ಞೆಯ ಫಲವನ್ನು ಇನ್ನೊಂದಕ್ಕೆ ಕೊಡೋದಕ್ಕೆ ಪೈಪ್ ಅಂತಾರೆ. ಈಶೆಲ್‌ನಲ್ಲಿ ಆ ಮಾಹಿತಿಯೆಲ್ಲ ಈಮ್ಯಾಕ್ಸ್ ಕೈಯಿಂದಲೇ ದಾಟಿ ಹೋಗಬೇಕು. ಫೈಲ್ ದೊಡ್ಡದಾದ್ರೆ ನಿಧಾನ. ಇದಕ್ಕೆ ಪರಿಹಾರ ಬಂದದ್ದು 2023ರ ಜುಲೈನ ಈಮ್ಯಾಕ್ಸ್ 29ರಲ್ಲಿ, ಎಕ್ಸ್ಟ್‌ಪೈಪ್ ಅನ್ನೋ ಹೊಸ ಮಾಡ್ಯೂಲ್ ಆಗಿ. ಪೈಪ್ ಗುರುತಿನ ಹಿಂದೆ ಒಂದು ನಕ್ಷತ್ರ ಚಿಹ್ನೆ ಹಾಕಿದ್ರೆ ಸಾಕು, ಆ ಕೆಲಸ ಸೀದಾ ಹೊರಗಿನ ಶೆಲ್‌ಗೆ ಹೋಗುತ್ತೆ. ಎರಡು ದಶಕದ ನಂತರವೂ ಅಚ್ಚು ಬಿಚ್ಚಲಿಲ್ಲ, ಇನ್ನೊಂದು ಭಾಗ ಜೋಡಿಸಿದ್ರು ಅಷ್ಟೇ.

ಕನ್ನಡದ ಕಥೆ ಶುರುವಾಗೋದು ಇಲ್ಲೇ ನೋಡ್ರಿ. ಈಮ್ಯಾಕ್ಸ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಬೇರೆ ಲಿಪಿಗಳಿಗೆ ಅದರ ಬಾಗಿಲು ತೆರೆದವರು ಜಪಾನಿನ ಹಾಂಡಾ ಕೆನ್ಇಚಿ ಮತ್ತು ಅವರ ಜೊತೆಗಾರರು. ಅವರ ಮ್ಯೂಲ್ ಅನ್ನೋ ಬಹುಭಾಷಾ ಜೋಡಣೆ ಮೊದಲು ಹೊರಗೇ ಬೆಳೆದು, 1997ರಲ್ಲಿ ಈಮ್ಯಾಕ್ಸ್ 20ರ ಒಳಗೆ ಸೇರಿತು. ಕೀಲಿ ಒತ್ತಿ ಬೇರೆ ಬೇರೆ ಲಿಪಿ ಮೂಡಿಸೋ ವಿಧಾನಗಳನ್ನೂ ಬಹುಕಾಲ ಪ್ರತ್ಯೇಕವಾಗಿ ತಂದು ಹಾಕ್ಕೊಬೇಕಿತ್ತು, ಆಮೇಲೆ ಅವೂ ಒಳಗೆ ಬಂದ್ವು. ಇವತ್ತು ಆ ಸಾಲಿನಲ್ಲಿ ಕನ್ನಡವೂ ಇದೆ, ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ಎರಡೂ ರೂಪದಲ್ಲಿ. ಅದೇ ಹಾಂಡಾ ತಂಡದ ಎಂ17ಎನ್ ಅನ್ನೋ ಇನ್ನೊಂದು ಯೋಜನೆಯಲ್ಲಿ ನಮ್ಮ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಗೂ ಒಂದು ಪುಟ್ಟ ಫೈಲ್ ಇದೆ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡೋ ಎಷ್ಟೋ ಜನರ ಕೆಲಸ ನಡೆಯೋದು ಆ ಫೈಲ್‌ನಿಂದ.

ಇದಕ್ಕೆ ಎದುರಾಗಿ ಇನ್ನೊಂದು ಅನುಭವವೂ ನಮಗಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದ್ರೂ ಬಹಳ ವರ್ಷ ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಇದ್ದದ್ದು ಒಂದೊಂದು ಫಾಂಟಿನ ಸ್ವಂತ ಸಂಕೇತದಲ್ಲಿ. ಅಂಥ ಹಳೆಯ ಫೈಲ್ ಒಂದನ್ನು ನಿಮ್ಮ ಫೋನಲ್ಲಿ ತೆರೆದು ನೋಡಿ. ತಾತನ ಜಮೀನಿನ ಅರ್ಜಿಯೋ, ಊರಿನ ಸ್ಮರಣ ಸಂಚಿಕೆಯೋ ಇರಬಹುದು, ಕಾಣೋದು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಬರೆದವರ ಶ್ರಮ ಹಾಗೇ ಇದೆ, ಆದ್ರೆ ಆ ಫಾಂಟ್ ಇಲ್ಲದೆ ಓದೋಕೆ ಬರಲ್ಲ. ಎಲ್ಲರೂ ಜೋಡಿಸಬಹುದಾದ ನೆಲೆ ಇದ್ರೆ ಭಾಷೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ದಾಟುತ್ತೆ. ಇಲ್ದಿದ್ರೆ ಒಂದೇ ಅಂಗಡಿಯ ಒಂದೇ ಕಂಪ್ಯೂಟರ್‌ನಲ್ಲಿ ಉಳೀತದೆ.

ಸರಿ, ಕನ್ನಡದಲ್ಲಿ ಆಜ್ಞೆ ಕೊಡೋದು ಹೇಗೆ? ಈಶೆಲ್ ತೆರೆದು ಅಲಿಯಾಸ್ ಅನ್ನೋ ಆಜ್ಞೆ ಬರೀರಿ. ಪಕ್ಕದಲ್ಲಿ ಕನ್ನಡದಲ್ಲೇ 'ಪಟ್ಟಿ' ಅಂತ ಬರೆದು, ಆಮೇಲೆ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಎಲ್‌ಎಸ್ ಆಜ್ಞೆ ಹಾಕಿ. ಅಲ್ಲಿಂದ ಮುಂದೆ 'ಪಟ್ಟಿ' ಅಂತ ಬರೆದು ಎಂಟರ್ ಒತ್ತಿದ್ರೆ ಫೈಲ್‌ಗಳ ಹೆಸರು ಸಾಲಾಗಿ ಬರ್ತವೆ. ಈ ಅಡ್ಡಹೆಸರು ತಾನಾಗೇ ಉಳ್ಕೊಳ್ಳುತ್ತೆ, ನಾಳೆ ತೆರೆದ್ರೂ ಇರುತ್ತೆ. ಇನ್ನೊಂದು ಹೆಜ್ಜೆ ಮುಂದೆ ಹೋಗ್ಬೇಕಾ? ಲಿಸ್ಪ್‌ನಲ್ಲಿ ಒಂದು ಫಂಕ್ಷನ್ ಬರೆದು, ಅದಕ್ಕೆ 'ಈಶೆಲ್' ಅಂತ ಇಂಗ್ಲಿಷಲ್ಲಿ, ಒಂದು ಓರೆಗೆರೆ, ಆಮೇಲೆ ಕನ್ನಡದಲ್ಲಿ 'ಲೆಕ್ಕ' ಅಂತ ಹೆಸರಿಡಿ. 'ಲೆಕ್ಕ' ಅನ್ನೋದೇ ಆಜ್ಞೆ ಆಗುತ್ತೆ.

ತಪ್ಪಾದಾಗ ಬರೋ ಸೂಚನೆ ಇನ್ನೂ ಇಂಗ್ಲಿಷಲ್ಲೇ ಇರುತ್ತೆ, ಅದನ್ನು ಮುಚ್ಚಿಡಲ್ಲ. ಕನ್ನಡ ಆಜ್ಞೆಗಳ ಒಂದು ಪೂರ್ತಿ ಮಾಡ್ಯೂಲ್ ಬರೆಯೋಕೆ ಕೂತು ಕಲಿಯಬೇಕು, ಅದೂ ನಿಜ. ಆದ್ರೆ ಯಾರಿಗೂ ಅರ್ಜಿ ಹಾಕ್ಬೇಕಿಲ್ಲ, ದುಡ್ಡೂ ಕೊಡ್ಬೇಕಿಲ್ಲ. ಲ್ಯಾಪ್‌ಟಾಪ್ ಇಲ್ಲ ಅಂತ ಸುಮ್ನಾಗ್ಬೇಡಿ. 2025ರ ಫೆಬ್ರವರಿಯಲ್ಲಿ ಬಂದ ಈಮ್ಯಾಕ್ಸ್ 30 ಆಂಡ್ರಾಯ್ಡ್ ಫೋನ್‌ನಲ್ಲೂ ನಡೆಯುತ್ತೆ, ಈಶೆಲ್ ಅದರ ಒಳಗೇ ಇದೆ. ಇವತ್ತು ರಾತ್ರಿ ಒಂದೇ ಒಂದು ಆಜ್ಞೆಗೆ ನಿಮ್ಮ ಮನೆಮಾತಿನ ಹೆಸರಿಟ್ಟು ನೋಡಿ.