ಹಲ್ಲಣ, ಜೀನು, ಸೀಟು

ವಾಹನಕ್ಕೂ ಅದನ್ನೇರಿದವನಿಗೂ ನಡುವೆ ಇರುವ ಆಸನಕ್ಕೆ ಕನ್ನಡದಲ್ಲಿ ಮೂರು ಹೆಸರುಗಳುಂಟು. ಸಂಸ್ಕೃತದ ಪರ್ಯಾಣವು ಕನ್ನಡದಲ್ಲಿ ಹಲ್ಲಣವಾಯಿತು. ಪಾರಸಿಯಿಂದ ಜೀನು ಬಂದಿತು. ಸೈಕಲ್ಲಿನೊಡನೆ ಇಂಗ್ಲಿಷಿನ ಸೀಟು ಬಂದಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯು ಈ ಮೂರು ಶಬ್ದಗಳ ಕಾಲವನ್ನೂ ಕಂಡಿದೆ. ಸವೆದ ಆಸನವನ್ನು ಎಂದು ಬದಲಿಸತಕ್ಕುದೆಂಬ ಪ್ರಶ್ನೆಗೆ ಉತ್ತರವೂ ಈ ಚರಿತ್ರೆಯಲ್ಲಿಯೇ ದೊರೆಯುತ್ತದೆ.

ಗಂಗಾವತಿಯ ಬಳಿಯ ಆನೆಗೊಂದಿಯ ಎದುರುದಡದಲ್ಲಿ, ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಅಶ್ವಗಳ ಸಾಲು ಇಂದಿಗೂ ಕಾಣುತ್ತದೆ. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು, ತಾನೇ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸಿನ ನೂನಿಜನು 16ನೆಯ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಅಷ್ಟು ಬೆಲೆಯ ಪ್ರಾಣಿಯ ಬೆನ್ನು ಹುಣ್ಣಾದರೆ ನಷ್ಟವು ಸಾಮಾನ್ಯವಲ್ಲ. ಆದುದರಿಂದ ಹಲ್ಲಣದ ಪರೀಕ್ಷೆಯು ಕುದುರೆಯ ಬೆನ್ನಿನ ಮೇಲೆಯೇ ನಡೆಯುವುದು: ರೋಮ ಉದುರಿದ್ದರೆ, ಚರ್ಮ ಕೆಂಪೇರಿದ್ದರೆ ಹಲ್ಲಣವನ್ನು ಸರಿಪಡಿಸಬೇಕು, ಇಲ್ಲವೆ ತ್ಯಜಿಸಬೇಕು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದಾಗ ಜೀನೆಂಬ ಹೆಸರು ಬಳಕೆಯಲ್ಲಿದ್ದರೂ ಈ ನಿಯಮವು ಬದಲಾಗಲಿಲ್ಲ.

1882ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ರೂಕ್ಸನು ಸೈಕಲ್ಲಿನ ಚರ್ಮಾಸನಕ್ಕೆ ಪೇಟೆಂಟು ಪಡೆದನು. 1885ರಲ್ಲಿ ಸ್ಟಾರ್ಲಿಯ ಎರಡು ಸಮಚಕ್ರಗಳ ಸೈಕಲ್ಲೂ, 1888ರಲ್ಲಿ ಡನ್‌ಲಪ್ಪನ ಗಾಳಿಯ ಟಯರೂ ಬಂದುವು. ಕಬ್ಬಿಣದ ಚೌಕಟ್ಟಿನ ಹಿಂದುಮುಂದುಗಳಿಗೆ ರಿವೆಟ್ಟುಗಳಿಂದ ಚರ್ಮವನ್ನು ಬಿಗಿದು, ಜೋಲಿಯಂತೆ ತೂಗಿಸುವುದೇ ಚರ್ಮದ ಸೀಟಿನ ರಹಸ್ಯ. ಆದರೆ ಸೈಕಲ್ಲಿಗೆ ಬೆನ್ನಿಲ್ಲ, ಹುಣ್ಣಿಲ್ಲ. ಕುದುರೆಯ ಮೈಮೇಲೆ ಕಾಣುತ್ತಿದ್ದ ದೋಷವು ಈಗ ಸವಾರನ ಮೈಗೇ ತಗಲುತ್ತದೆ. ಮೂಕಪ್ರಾಣಿಯ ನೋವನ್ನು ಗಮನಿಸಿದ ಮನುಷ್ಯನು ತನ್ನ ನೋವನ್ನು ಸಹಿಸಿಕೊಂಡು ಸುಮ್ಮನಿರುತ್ತಾನೆ.

ಹೊಸ ಚರ್ಮದ ಬಿರುಸು ದೋಷವಲ್ಲ. ಅದು ಕ್ರಮೇಣ ಸವಾರನಿಗೆ ಒಗ್ಗುತ್ತದೆ. ಚರ್ಮವು ಸಡಿಲಿದರೆ ಮುಂಗಡೆಯ ತಿರುಪನ್ನು ಬಿಗಿಯಬಹುದು. ಆ ತಿರುಪು ಕೊನೆಮುಟ್ಟಿದ ಮೇಲೂ ನಡುಭಾಗವು ಜೋಲುತ್ತಿದ್ದರೆ, ರಿವೆಟ್ಟಿನ ಸುತ್ತ ಚರ್ಮವು ಸೀಳಿದ್ದರೆ, ಸ್ಪ್ರಿಂಗು ಮುರಿದು ಆಸನವು ಒಂದು ಕಡೆಗೆ ವಾಲಿದ್ದರೆ, ಅದರ ಆಯುಸ್ಸು ತೀರಿತೆಂದು ತಿಳಿಯಬೇಕು. ಫೋಮಿನ ಸೀಟಿನಲ್ಲಿ ಮೇಲುಹೊದಿಕೆಯಷ್ಟೇ ಹರಿದರೆ ಬೇರೆ ಹೊದಿಕೆ ಸಾಕು. ಫೋಮು ಕುಸಿದು ಅಡಿಯ ತಗಡು ಕೈಗೆ ತಗಲಿದರೆ ಸೀಟನ್ನೇ ಬದಲಿಸಬೇಕು. ಎಷ್ಟು ಬಿಗಿದರೂ ಸೀಟು ತಿರುಗುತ್ತಿದ್ದರೆ ತಪ್ಪು ಅನೇಕವೇಳೆ ಅದರ ಹಿಡಿಕೆಯದು. ಅದನ್ನು ಮಾತ್ರ ಬದಲಿಸಿದರೆ ಹಣ ಉಳಿಯುತ್ತದೆ.

ತೊಡೆಸಂದಿನಲ್ಲಿ ಜೋಮು ಹಿಡಿಯುವುದನ್ನು ಸವಾರನ ಅಶಕ್ತಿಯೆಂದು ಎಣಿಸಲಾಗದು. ಅಮೆರಿಕದಲ್ಲಿ ಸೈಕಲ್ಲೇರಿ ಗಸ್ತು ತಿರುಗುವ ಪೋಲೀಸರು 6 ತಿಂಗಳು ಮುಂಚಾಚಿಲ್ಲದ ಸೀಟನ್ನು ಬಳಸಿದಾಗ ಅವರ ಜೋಮು ಬಹುಮಟ್ಟಿಗೆ ಇಳಿಯಿತೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು.

ರಾಜ್ಯಸರಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳು ದೊರೆತುವು. ಅಕ್ಕನ ಸೈಕಲ್ಲನ್ನು ತಮ್ಮನು ಏರುವ ಮನೆಗಳಲ್ಲಿ ಟಯರು, ಬ್ರೇಕುಗಳನ್ನು ನೋಡುವ ಹಿರಿಯರು ಸೀಟನ್ನೂ ಒತ್ತಿ ನೋಡಲಿ. ಬಾಲಕನು ನಿಂತುಕೊಂಡೇ ತುಳಿಯುತ್ತಿದ್ದರೆ ಕಾರಣವನ್ನು ಕೇಳಲಿ. ಹಿಂದಿನ ಸವಾರರು ಇಳಿದೊಡನೆ ಕುದುರೆಯ ಬೆನ್ನನ್ನು ಸವರಿ ನೋಡುತ್ತಿದ್ದುದು ಇದೇ ಕಾರಣಕ್ಕಾಗಿ.