ಹುಟ್ಟಿಗೆ ಮೊದಲೇ ತೀರ್ಪು, ಸತ್ತ ಮೇಲೂ ಗೋಡೆ

ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗ್ತಾನೆ ಅನ್ನೋದನ್ನ ಹೊಟ್ಟೆ ತುಂಬಿದವರು ಮಠದ ಜಗಲಿಯಲ್ಲಿ ಕೂತು ಬೇಕಾದಷ್ಟು ಚರ್ಚಿಸಿದ್ದಾರೆ. ನಮ್ಮ ಕೇರಿಗಳಿಗೆ ಆ ಪ್ರಶ್ನೆ ಬೇರೆ ಥರ ಬಂದಿದೆ. ನಾವು ಹುಟ್ಟುವುದಕ್ಕೂ ಮೊದಲೇ ನಮಗೆ ಶಿಕ್ಷೆ ಬರೆದವನು ಯಾರು? ಯಾವ ಅಪರಾಧಕ್ಕೆ? ಸಾಕ್ಷಿ ಹೇಳಿದವರು ಯಾರು? ಹೆಗ್ಗಡದೇವನಕೋಟೆಯ ನಮ್ಮ ಹ್ಯಾಂಡ್‌ಪೋಸ್ಟಿನಲ್ಲಿ ನಿಂತು ಕ್ರೈಸ್ತರ ತೀರ್ಪಿನ ದಿನದ ಬಗ್ಗೆ ಬರೆಯುವಾಗ ನಾವು ಈ ಪ್ರಶ್ನೆಯಿಂದಲೇ ಹೊರಡಬೇಕಾಗಿದೆ.

ವೈದಿಕರ ಲೆಕ್ಕದಲ್ಲಿ ತೀರ್ಪು ಹುಟ್ಟಿನಲ್ಲೇ ಮುಗಿದುಹೋಗಿದೆ. ಕೆಟ್ಟ ನಡತೆಯವರು ಮರುಜನ್ಮದಲ್ಲಿ ಸೇರುವ ಗರ್ಭಗಳನ್ನು ಎಣಿಸುವಾಗ ಛಾಂದೋಗ್ಯ ಉಪನಿಷತ್ತು ನಾಯಿ, ಹಂದಿ, ಚಂಡಾಲ – ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಮನುಸ್ಮೃತಿಯ ಹನ್ನೆರಡನೇ ಅಧ್ಯಾಯ ಇದನ್ನೇ ಪಟ್ಟಿ ಮಾಡಿ ಕೊಟ್ಟಿದೆ. ಅಪ್ಪ ಮಾಡಿದ ಸಾಲಕ್ಕೆ ಮಗ ಧಣಿಯ ಕೊಟ್ಟಿಗೆ ಬಳಿಯುವುದು ಜೀತ. ಹಿಂದಿನ ಜನ್ಮದಲ್ಲಿ ಮಾಡಿದನೆಂಬ, ಪತ್ರವೇ ಇಲ್ಲದ ಸಾಲಕ್ಕೆ ಇಡೀ ಕುಲವೇ ದುಡಿಯುವುದು ಕರ್ಮ. ಜೀತವನ್ನು 1976ರ ಕಾಯಿದೆ ರದ್ದು ಮಾಡಿತು. ಕರ್ಮದ ಸಾಲಪತ್ರ ಹರಿಯುವ ಕಾಯಿದೆ ಯಾವ ವಿಧಾನಸೌಧದಲ್ಲೂ ಬಂದಿಲ್ಲ.

ಕ್ರೈಸ್ತಧರ್ಮ ಹೇಳೋದು ಇದಕ್ಕೆ ತಿರುವುಮುರುವು. ಬದುಕು ಒಂದೇ. ತೀರ್ಪು ಬರೋದು ಬಾಳಿ ಮುಗಿಸಿದ ಮೇಲೆ. ಸತ್ತ ಕೂಡಲೇ ಪ್ರತಿ ಆತ್ಮಕ್ಕೂ ಅದರದರ ತೀರ್ಪು. ಲೋಕದ ಕೊನೆಗೆ ಎಲ್ಲರೂ ಮೈಸಮೇತ ಎದ್ದು ನಿಲ್ಲುವ ಮಹಾತೀರ್ಪು. ಸ್ವರ್ಗಕ್ಕೆ ಹೋಗುವ ಮೊದಲು ಆತ್ಮ ತೊಳೆದುಕೊಳ್ಳುವ ಶುದ್ಧೀಕರಣ ಸ್ಥಳವೊಂದಿದೆ ಅಂತ ಕ್ಯಾಥೊಲಿಕರು ನಂಬುತ್ತಾರೆ. ಅಲ್ಲಿರುವವರಿಗಾಗಿ ನವೆಂಬರ್ 2ರಂದು ಗೋರಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಪ್ರಾಟೆಸ್ಟೆಂಟರು ಇದನ್ನ ಒಪ್ಪೋದಿಲ್ಲ. 1517ರಲ್ಲಿ ಜರ್ಮನಿಯ ಲೂಥರ್ ಎದ್ದು ನಿಂತದ್ದೇ ಆ ಸ್ಥಳದ ಶಿಕ್ಷೆಯನ್ನು ಕಾಸಿಗೆ ಕಡಿಮೆ ಮಾಡಿಸುವ ಕ್ಷಮಾಪತ್ರಗಳ ವ್ಯಾಪಾರದ ವಿರುದ್ಧ. ಸತ್ತವರ ಹೆಸರಲ್ಲಿ ಜೋಳಿಗೆ ಹಿಡಿಯೋದು ನಮ್ಮ ಪುರೋಹಿತರಿಗೆ ಮಾತ್ರ ಗೊತ್ತಿದ್ದ ವಿದ್ಯೆಯಲ್ಲ.

ಆದಾಮನ ಪಾಪ ಹುಟ್ಟಿನಿಂದಲೇ ಅಂಟಿದೆ ಅಂತ ಕ್ರೈಸ್ತರೂ ಅಂತಾರೆ. ಅದೂ ಹುಟ್ಟಿನ ಸಾಲವೇ ಸರಿ. ಆದರೆ ಅಗ್ರಹಾರದ ಕೂಸಿಗೂ ಹೊಲಗೇರಿಯ ಕೂಸಿಗೂ ಸಾಲದ ಮೊತ್ತ ಒಂದೇ. ಕೇರಿಯ ಕಿವಿಗೆ ಹೊಸದಾಗಿ ಬಿದ್ದ ಮಾತು ಇದು. ಸ್ವರ್ಗದ ಆಸೆಗೆ ನಮ್ಮವರು ಶಿಲುಬೆ ಹಿಡಿದರು ಅಂತ ಹೇಳುವವರು ಈ ಮಾತನ್ನ ಮರೀತಾರೆ.

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅದರಲ್ಲಿ ಮತ್ತಾಯನ ಸುವಾರ್ತೆಯ ನ್ಯಾಯಾಧೀಶ ಕುಲ ಕೇಳೋದಿಲ್ಲ, ಮಂತ್ರ ಕೇಳೋದಿಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ ಅಂತ ಕೇಳ್ತಾನೆ. ಊರಬಾವಿಯಿಂದ ಓಡಿಸಿಕೊಂಡ ಜನಕ್ಕೆ ಇದು ಗೊತ್ತಿದ್ದ ಪ್ರಶ್ನೆ. ಲೂಕನ ಸುವಾರ್ತೆಯಲ್ಲಿ ಲಾಜರ ಅನ್ನೋ ತಿರುಕ ಧಣಿಯ ಬಾಗಿಲಲ್ಲಿ ಹುಣ್ಣು ನೆಕ್ಕುವ ನಾಯಿಗಳ ನಡುವೆ ಬಿದ್ದಿರುತ್ತಾನೆ. ಸತ್ತ ಮೇಲೆ ಧಣಿ ಬೆಂಕಿಯಲ್ಲಿ ಬೇಯುತ್ತ ಲಾಜರನ ಬೆರಳ ತುದಿಯ ಒಂದು ಹನಿ ನೀರಿಗೆ ಬಾಯಿಬಿಡ್ತಾನೆ. ಧಣಿ ಅನ್ನಿಸಿಕೊಂಡವನು ತಿರುಕ ಮುಟ್ಟಿದ ನೀರಿಗೆ ಅಂಗಲಾಚುವ ಕತೆಗೆ ನಮ್ಮ ಕೇರಿಯಲ್ಲಿ ವ್ಯಾಖ್ಯಾನ ಬೇಕಿಲ್ಲ.

ಪುಸ್ತಕದಲ್ಲಿ ಹೀಗೆ. ಚರ್ಚಿನಲ್ಲಿ ಹೇಗೆ? ಮೈಸೂರು ಸೀಮೆಗೆ ಯೇಸುಸಭೆಯ ಪಾದ್ರಿಗಳು ಬಂದು ನೆಲೆಯೂರಿದ್ದು 17ನೇ ಶತಮಾನದ ನಡುವಿನಲ್ಲಿ. ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಲ್ಲಿ ಜಾತಿಯ ಆಚಾರಗಳನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು ಅನ್ನೋ ಜಗಳ ರೋಮಿನವರೆಗೂ ಹೋಯಿತು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಪಾಂಡಿಚೇರಿಯಲ್ಲಿ ಒಂದು ಆಜ್ಞೆ ಹೊರಡಿಸಿದ. ಅದರಲ್ಲೊಂದು ಮಾತು ನಮ್ಮ ಎದೆಗೆ ನಾಟುತ್ತದೆ: ಕಾಯಿಲೆ ಬಿದ್ದ ಪರೆಯರ ಗುಡಿಸಲಿಗೆ ಹೋಗಿ ಸಂಸ್ಕಾರ ಕೊಡಲು ಪಾದ್ರಿಗಳು ನಿರಾಕರಿಸಕೂಡದು. ಆಜ್ಞೆ ಮಾಡಬೇಕಾಗಿ ಬಂತು ಅಂದರೆ ನಿರಾಕರಣೆ ನಡೀತಿತ್ತು ಅಂತಲೇ ಅರ್ಥ. ಪಾಪ ಕ್ಷಮಿಸುವ ಕಡೇ ಸಂಸ್ಕಾರ ಪಡೆಯದೆ ಸಾಯುವುದು ಭಯಂಕರ ಅಂತ ಕಲಿಸಿದವರೇ, ಸಾಯುವವನ ಹೊಸ್ತಿಲು ದಾಟಲು ಹಿಂಜರಿದರು. ಪರಲೋಕದ ಬಾಗಿಲು ಎಲ್ಲರಿಗೂ ತೆರೆದಿತ್ತು, ಪಾದ್ರಿ ಮಾತ್ರ ಗುಡಿಸಲಿಗೆ ಬರಲಿಲ್ಲ!

1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಈ ಜಗಳಕ್ಕೆ ಕೊನೆ ಹಾಡಲು ಹೊರಟ. ಪರೆಯರಿಗೆಂದೇ ಬೇರೆ ಪಾದ್ರಿಗಳನ್ನು ಇಡುತ್ತೇವೆ ಎಂಬ ಯೇಸುಸಭೆಯವರ ಮಾತನ್ನು ಒಪ್ಪಿಕೊಂಡ. ಸೇವೆಯೂ ಸಿಕ್ಕಿತು, ಗೆರೆಯೂ ಉಳಿಯಿತು. ಮರುವರ್ಷ, 1745ರಲ್ಲಿ, ಪಾಂಡಿಚೇರಿಯ ಚರ್ಚಿನೊಳಗೆ ಪರೆಯರನ್ನು ಬೇರೆ ಕೂರಿಸಲು ಕಟ್ಟಿದ್ದ ಗೋಡೆಯನ್ನು ಕೆಡವಿಸಿದ್ದನ್ನೂ, ಅದಕ್ಕೆ ಮೇಲ್ಜಾತಿ ಕ್ರೈಸ್ತರು ಕೆರಳಿದ್ದನ್ನೂ ಆನಂದರಂಗ ಪಿಳ್ಳೆ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಗೋಡೆ ಚರ್ಚಿಗಷ್ಟೇ ನಿಲ್ಲಲಿಲ್ಲ, ಸ್ಮಶಾನಕ್ಕೂ ನಡೆಯಿತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸುವ ಗೋಡೆಯನ್ನು ಕೆಡವಲು 2010ರಲ್ಲೂ ಹೋರಾಟಗಾರರು ನುಗ್ಗಬೇಕಾಯಿತು. ಸ್ವಲ್ಪ ಯೋಚನೆ ಮಾಡಿ, ಗೆಳೆಯರೇ. ಕಡೇ ದಿನ ತುತ್ತೂರಿ ಊದಿದಾಗ ಸತ್ತವರೆಲ್ಲ ಒಟ್ಟಿಗೆ ಏಳ್ತಾರೆ ಅಂತ ನಂಬುವವರು, ಏಳುವಾಗಲೂ ಮೈ ತಾಗದಿರಲಿ ಅಂತ ನಡುವೆ ಗೋಡೆ ಕಟ್ಟಿದ್ದಾರೆ. ತಮ್ಮ ನಂಬಿಕೆಗಿಂತ ಜಾತಿಯನ್ನೇ ಗಟ್ಟಿಯಾಗಿ ನಂಬಿದ್ದಾರೆ. ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಭಾರತದ ಬಿಷಪ್ಪರ ಸಭೆ ತನ್ನ 2016ರ ದಲಿತ ನೀತಿಯಲ್ಲಿ ತಾನೇ ಒಪ್ಪಿಕೊಂಡಿದೆ.

ಬಾಬಾಸಾಹೇಬರು ಇನ್ನೊಂದು ಅಪಾಯವನ್ನೂ ಕಂಡಿದ್ದರು. ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಅಂತ ಬೋಧಿಸಿದರೆ, ಕಷ್ಟ ಕೊಟ್ಟ ಸಮಾಜದ ಕಡೆಗೆ ಮತಾಂತರಿಯ ಕಣ್ಣು ತಿರುಗೋದಿಲ್ಲ ಎಂಬುದು ಅವರ ವಾದ. ನಾವು ಅದನ್ನ ಒಪ್ಪುತ್ತೇವೆ. ಕರ್ಮ ಹೋದ ಜಾಗದಲ್ಲಿ ಪಾಪ ಬಂದು ಕೂತರೆ ಧಣಿಗೆ ನಷ್ಟವೇನಿಲ್ಲ.

ಇನ್ನು ಸರ್ಕಾರದ ತೀರ್ಪು. 1950ರ ರಾಷ್ಟ್ರಪತಿ ಆಜ್ಞೆ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಕ್ರೈಸ್ತ, ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಕೊಡುವ ಪೆಟ್ಟಿಗೆ ಅಂಗಡಿ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ನಂತರವೂ ಹಿಂದಿನಷ್ಟೇ ಕ್ರೂರ ಯಾತನೆ ಉಳಿದಿದೆ ಅನ್ನೋದು ಸಾಬೀತಾಗಿಲ್ಲ ಅಂತ 1985ರಲ್ಲಿ ಕೋರ್ಟು ಹೇಳಿತು. ಅದೇ ರಸ್ತೆ, ಅದೇ ಕಸುಬು. ಬದಲಾದದ್ದು ಹೆಸರೊಂದೇ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಈ ಷರತ್ತು ತೆಗೆಯಿರಿ ಅಂದಿತು. 2022ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಆಯೋಗ ಮಾಡಿತು. ಅಂತಿಮ ತೀರ್ಪಿಗೆ ಕಾಯೋದು ನಮ್ಮವರಿಗೆ ಪರಲೋಕದ ಮಾತಷ್ಟೇ ಅಲ್ಲ.

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ಮುಂದೆ ಎಲ್ಲ ಜಾತಿ ಧರ್ಮದ ಜನ ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿ ಕೇಳೋದು ಸ್ವರ್ಗವನ್ನಲ್ಲ – ಮಗುವಿನ ಜ್ವರ ಇಳೀಲಿ, ಕಳೆದದ್ದು ಸಿಗಲಿ ಅಂತ. ನಮ್ಮ ಜನ ಕಳೆದುಕೊಂಡದ್ದು ಬಹಳ ಇದೆ. ನೆಲ, ನೀರು, ಹೆಣ ಹೂಳಲು ಆರಡಿ ಜಾಗ. ಹುಟ್ಟು ಶಿಕ್ಷೆಯಲ್ಲ ಅನ್ನೋ ಮಾತನ್ನ ಯಾವ ಪುಸ್ತಕ ಹೇಳಿದರೂ ನಾವು ಕೇಳಿಸಿಕೊಳ್ಳುತ್ತೇವೆ. ಆದರೆ ಲೆಕ್ಕವನ್ನ ತುತ್ತೂರಿ ಊದುವ ದಿನಕ್ಕೆ ಬಿಟ್ಟುಕೊಡೋದಿಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ ಅನ್ನೋ ವಿಚಾರಣೆ ನಮ್ಮೂರ ಬಾವಿಕಟ್ಟೆಯ ಮೇಲೆ, ಇವತ್ತೇ ಶುರುವಾಗಲಿ.